ಮುತ್ಯಾನ ಸೈಕಲ್ ಮತ್ತೆ ಓಡಬೇಕೆಂದರೆ

ನಾನು ಮೊದಲು ಕೈ ಹಾಕಿದ್ದು ನಮ್ಮ ಕಾಕಾನ ಸೈಕಲ್ಲಿಗೆ. ಕೈ ಹಾಕಿ ಕೆಡಿಸಿದೆ. ಅದರ ಚೈನ್ ಕವರ್ ಮೇಲೆ ಯಾರೋ ಪೇಂಟರು ಹಳದಿ ಬಣ್ಣದಲ್ಲಿ ಕಾಕಾನ ಹೆಸರು, ಕೆಳಗೆ ಊರಿನ ಹೆಸರು ಬರೆದಿದ್ದರು. ಪಕ್ಕದಲ್ಲಿ ಒಂದು ಪುಟ್ಟ ಕಮಲ. ಅಲ್ಲಲ್ಲಿ ತುಕ್ಕು ಹಿಡಿದಿತ್ತು ಅಂತ ನಾನು ಪೂರ್ತಿ ಸೈಕಲ್ಲನ್ನು ಪೌಡರ್ ಕೋಟಿಂಗ್‌ಗೆ ಕೊಟ್ಟೆ. ವಾರದ ಮೇಲೆ ಅದು ಫಳಫಳ ಹೊಳೆಯುತ್ತಾ ಬಂತು. ಕಾಕಾ ಅದರ ಸುತ್ತ ಒಂದು ಸಲ ತಿರುಗಿದರು. ಸೀಟಿನ ಮೇಲೆ ಕೈ ಇಟ್ಟರು. ಆಮೇಲೆ ಕೇಳಿದರು: "ಛಲೋ ಅದ. ಯಾರ್ದಿದು?"

ಆ ಮಾತು ಮರೆಯಲಿಲ್ಲ. ಎರಡು ವರ್ಷ ಬಿಟ್ಟು ಮುತ್ಯಾನ, ಅಂದರೆ ಅಜ್ಜನ, ಸೈಕಲ್ ಮುಟ್ಟುವಾಗ ಒಂದೇ ನಿಯಮ ಇಟ್ಟುಕೊಂಡೆ. ತಿರುಗುವ ಭಾಗಗಳೆಲ್ಲ ಹೊಸದರ ಹಾಗೆ ಆಗಬೇಕು, ಕಣ್ಣಿಗೆ ಕಾಣುವ ಭಾಗ ಆದಷ್ಟು ಹಾಗೇ ಇರಬೇಕು. ಮುಂದೆ ಹೇಳುವುದೆಲ್ಲ ಈ ಲೆಕ್ಕದಲ್ಲೇ ಇದೆ. ಶೋರೂಮಿನಿಂದ ಬಂದ ಹಾಗೆ ಕಾಣುವ ಸೈಕಲ್ ಬೇಕು ಅನ್ನುವವರಿಗೆ ಇದು ಅಷ್ಟು ಉಪಯೋಗವಿಲ್ಲ.

ಪಾನಾ (ಸ್ಪ್ಯಾನರ್) ಹಿಡಿಯುವ ಮುಂಚೆ

ಮೊದಲ ಕೆಲಸ ಮನೆಯವರ ಜೊತೆ. ಈ ಸೈಕಲ್ ಯಾರದ್ದು? ಮುತ್ಯಾ ತೀರಿಕೊಂಡಿದ್ದಾರೆ ಅಂದರೆ ಅದು ಅಪ್ಪನದ್ದೂ ಹೌದು, ಕಾಕಾನದ್ದೂ ಹೌದು, ಅತ್ತೆಯದ್ದೂ ಹೌದು. ಎಲ್ಲರಿಗೂ ಒಂದು ಫೋನ್ ಮಾಡಿ. ನೀವು ಡೊಂಕು ಅಂತ ನೆಟ್ಟಗೆ ಮಾಡಲು ಹೊರಟದ್ದು ಅವರಿಗೆ ಬೇರೇನೋ ಆಗಿರಬಹುದು. ನಮ್ಮ ಸೈಕಲ್ಲಿನ ನಡುವಿನ ಡಂಡಾದ ಕೆಳಗೆ ಒಂದು ಗೇಣಿನಷ್ಟು ಬಣ್ಣ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ನಾನು ಅದಕ್ಕೆ ಬಣ್ಣ ಹಚ್ಚೋಣ ಅಂದುಕೊಂಡಿದ್ದೆ. ಅತ್ತೆ ಹೇಳಿದ ಮೇಲೆ ಗೊತ್ತಾಯಿತು. ಸೀಟಿಗೆ ಕಾಲು ಎಟುಕದ ವಯಸ್ಸಿನಲ್ಲಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲ ಡಂಡಾದ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆದು ಕಲಿತಿದ್ದು ಅದರ ಮೇಲೆ. ಐದು ಮಂದಿಯ ತೊಡೆ ಉಜ್ಜಿ ಉಜ್ಜಿ ಆದ ಗುರುತು ಅದು. ಅಲ್ಲಿಗೆ ಬಣ್ಣದ ಮಾತು ಬಿಟ್ಟೆ.

ಆಮೇಲೆ ಫೋಟೋ. ಎಡ, ಬಲ, ಮುಂದೆ, ಹಿಂದೆ ಅಷ್ಟೇ ಅಲ್ಲ. ಬ್ರೇಕಿನ ಕಡ್ಡಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ವಾಷರ್ ಯಾವ ಕಡೆ ಇದೆ, ಮಡ್‌ಗಾರ್ಡಿನ ಕಾಲು ನಟ್ಟಿನ ಒಳಗಿದೆಯೋ ಹೊರಗಿದೆಯೋ, ಎಲ್ಲವೂ ಬೇಕು. ಬಿಚ್ಚುವಾಗ ನೆನಪಿರುತ್ತದೆ ಅನಿಸುತ್ತದೆ. ಇರುವುದಿಲ್ಲ.

ಸೈಕಲ್ ಎಷ್ಟು ಹಳೆಯದು ಅನ್ನುವುದರ ಬಗ್ಗೆ ಒಂದು ಮಾತು. ನಮ್ಮ ಕಲಬುರಗಿ ಕಡೆ ಹಳೇ ವಸ್ತು ಎಲ್ಲ ನಿಜಾಮನ ಕಾಲದ್ದೇ. ಮುಂದಿನ ಲಾಂಛನದ ತಗಡು ನೋಡಿದರೆ ನಿಜ ಗೊತ್ತಾಗುತ್ತದೆ. ಅಟ್ಲಾಸ್ ಕಂಪನಿ ಸೋನಿಪತ್‌ನಲ್ಲಿ ಶುರುವಾದದ್ದು 1951ರಲ್ಲಿ. ಲುಧಿಯಾನಾದಲ್ಲಿ ಹೀರೋ ಸೈಕಲ್ ಶುರುವಾದದ್ದು 1956ರಲ್ಲಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಅಂದಮೇಲೆ ಹೀರೋ ಸೈಕಲ್ ನಿಜಾಮನ ಕಾಲದ್ದಾಗಲು ಸಾಧ್ಯವೇ ಇಲ್ಲ. ಹರ್ಕ್ಯುಲಿಸ್, ಬಿಎಸ್ಎ, ಫಿಲಿಪ್ಸ್ ಇದ್ದರೆ ಸ್ವಲ್ಪ ಹುಡುಕಬೇಕು. ಇವು ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದವು, 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಕಂಪನಿ ಶುರುವಾದ ಮೇಲೆ ಇಲ್ಲೇ ತಯಾರಾದವು. ರ‍್ಯಾಲಿ ಆದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನದ್ದೋ ಬಂಗಾಳದ ಅಸನ್ಸೋಲಿನ ಸೆನ್-ರ‍್ಯಾಲಿಯದ್ದೋ ನೋಡಿ. ಹಾಗಂತ ಆಯಿಯ (ಅಜ್ಜಿಯ) ಮುಂದೆ ಕೂತು ಇದನ್ನೆಲ್ಲ ವಾದ ಮಾಡಬೇಡಿ. ನಾನು ಮಾಡಿ ನೋಡಿದ್ದೇನೆ, ಗೆಲ್ಲಲಿಲ್ಲ.

ಲಾಂಛನದ ತಗಡನ್ನು ಸಣ್ಣ ರಿವಿಟ್ ಹೊಡೆದು ಕೂರಿಸಿರುತ್ತಾರೆ. ಅದನ್ನು ಕೀಳಬೇಡಿ. ಹಳೆಯ ಪುರಸಭೆ ಬಿಲ್ಲೆ ಇದ್ದರೆ ಅದನ್ನೂ ಹಾಗೇ ಬಿಡಿ.

ಚೌಕಟ್ಟು ನೆಟ್ಟಗಿದೆಯಾ?

ದುಡ್ಡು ಹಾಕುವ ಮುಂಚೆ ಇದನ್ನು ನೋಡಲೇಬೇಕು. ಪೈಪುಗಳು ಸೇರುವ ಕಡೆ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಬಟ್ಟೆಯಿಂದ ಒರೆಸಿ ನೋಡಿ. ಮುಖ್ಯವಾಗಿ ಹ್ಯಾಂಡಲ್ ಕೆಳಗಿನ ಜೋಡಣೆ ಮತ್ತು ಮುಂದಿನ ಗಾಲಿ ಹಿಡಿಯುವ ಚಿಮಟಿಯ (ಫೋರ್ಕಿನ) ಕುತ್ತಿಗೆ.

ಚೌಕಟ್ಟು ಡೊಂಕಾಗಿದೆಯಾ ಅಂತ ನೋಡಲು ಒಂದು ದಾರ ಸಾಕು. ಹಿಂದಿನ ಗಾಲಿ ಕೂರುವ ಬಲಗಡೆಯ ಕೊನೆಗೆ ದಾರ ಕಟ್ಟಿ. ಅಲ್ಲಿಂದ ಮುಂದೆ ತಂದು ಹ್ಯಾಂಡಲ್ ಪೈಪಿನ ಸುತ್ತ ಹಾಕಿ, ಎಡಗಡೆಯ ಕೊನೆಗೆ ಎಳೆದು ಕಟ್ಟಿ. ಈಗ ಸೀಟಿನ ಪೈಪಿನಿಂದ ಎರಡೂ ಕಡೆಯ ದಾರಕ್ಕೆ ಎಷ್ಟು ಅಂತರ ಅಂತ ಅಳೆಯಿರಿ. ಎರಡೂ ಒಂದೇ ಬಂದರೆ ಚೌಕಟ್ಟು ನೆಟ್ಟಗಿದೆ. ಎರಡು ಮೂರು ಮಿಲಿಮೀಟರ್ ಫರಕು ಇದ್ದರೆ ಓಡಿಸಲು ಅಡ್ಡಿ ಇಲ್ಲ. ಜಾಸ್ತಿ ಇದ್ದರೆ, ಅಥವಾ ಬಿರುಕು ಸಿಕ್ಕರೆ, ಅನುಭವ ಇರುವ ಮಿಸ್ತ್ರಿಗೆ ತೋರಿಸಿ. ಚಿಮಟಿ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ, ಬೇರೆ ಚಿಮಟಿ ಹಾಕಿ. ಹಳೆಯದನ್ನು ಬೇಕಾದರೆ ಮನೆಯಲ್ಲಿ ಇಟ್ಟುಕೊಳ್ಳಿ.

ಬಿಚ್ಚುವುದು

ಇಲ್ಲಿ ಬೇಕಾಗುವುದು ಎಣ್ಣೆ ಮತ್ತು ಸಮಾಧಾನ. ಇಪ್ಪತ್ತು ಮೂವತ್ತು ವರ್ಷ ನಿಂತ ಸೈಕಲ್ಲಿನ ನಟ್ಟು ಒಂದೇ ದಿನದಲ್ಲಿ ಬರುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಸಿಗುತ್ತದೆ. ಇಲ್ಲವಾದರೆ ಡೀಸೆಲ್‌ಗೆ ಅಷ್ಟೇ ಎಂಜಿನ್ ಆಯಿಲ್ ಬೆರೆಸಿ. ಪ್ರತಿ ನಟ್ಟಿಗೂ ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ. ಮೂರು ದಿನ ಇದೇ ಕೆಲಸ. ನನಗೆ ಪಾಠ ಹೇಳಿಕೊಟ್ಟವರು ಒಬ್ಬ ಹಳೆಯ ಸೈಕಲ್ ಮಿಸ್ತ್ರಿ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ನಾನು ಸುತ್ತಿಗೆ ಎತ್ತಿದಾಗಲೆಲ್ಲ ಅವರದ್ದು ಒಂದೇ ಮಾತು: "ಹೊಡಿಬ್ಯಾಡ್ರಿ. ಎಣ್ಣಿ ಹಾಕಿ ಮನಿಗಿ ಹೋಗ್ರಿ. ನಾಳಿಗಿ ತಾನೇ ಬರ್ತದ."

ನಟ್ಟು, ವಾಷರ್ ಬಿಚ್ಚಿದ ಹಾಗೆ ಅದೇ ಸಾಲಿನಲ್ಲಿ ಒಂದು ತಂತಿಗೆ ಪೋಣಿಸಿ. ಮುಂದಿನ ಗಾಲಿಯದ್ದು ಒಂದು ತಂತಿ, ಹಿಂದಿನದ್ದು ಒಂದು. ಬಾಲ್ಸ್ (ಬೇರಿಂಗಿನ ಗುಂಡು) ಎಲ್ಲಿ ಎಷ್ಟಿದ್ದವು ಅಂತ ಎಣಿಸಿ ಬರೆದಿಡಿ. ಕೆಳಗೆ ಒಂದು ಹಳೇ ಬಿಳಿ ಧೋತರ ಹಾಸಿಕೊಂಡರೆ ಉದುರಿದ್ದು ಕಾಣುತ್ತದೆ. ನಮ್ಮ ಶಹಾಬಾದಿ ಪರಸಿ ನೆಲದ ಸಂದಿಯಲ್ಲಿ ಹೋದ ಬಾಲ್ ಮತ್ತೆ ಸಿಗುವುದಿಲ್ಲ.

ನಾಲ್ಕು ಕಡೆ ಮಾತ್ರ ಹುಷಾರಾಗಿರಿ.

ಪೆಡಲ್. ಬಲಗಡೆಯದ್ದು ಎಲ್ಲ ನಟ್ಟಿನ ಹಾಗೆ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಎಡಗಡೆಯ ಪೆಡಲ್ ಉಲ್ಟಾ, ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಪೈಪ್ ಹಾಕಿ ಎಳೆದು ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಎಳೆ ಕೆಡಿಸಿದವರು ಬಹಳ ಮಂದಿ.

ಕಾಟರ್ ಪಿನ್. ಕ್ರ್ಯಾಂಕನ್ನು ಆಕ್ಸಲ್‌ಗೆ ಹಿಡಿದಿಡುವ ಓರೆ ಮೊಳೆ ಇದು. ಇಡೀ ಸೈಕಲ್ಲಿನಲ್ಲಿ ಅತ್ಯಂತ ಹಟಮಾರಿ. ಅದರ ನಟ್ಟನ್ನು ಪೂರ್ತಿ ತೆಗೆಯಬೇಡಿ. ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಎಳೆ ಕಾಪಾಡಲು ಅಲ್ಲೇ ಬಿಡಿ. ಪಿನ್ನಿನ ತಲೆ ಇರುವ ಕಡೆ ಕ್ರ್ಯಾಂಕಿನ ಕೆಳಗೆ ಒಂದು ದಪ್ಪ ಪೈಪಿನ ತುಂಡು ನಿಲ್ಲಿಸಿ. ಪೈಪಿನ ಇನ್ನೊಂದು ತುದಿ ನೆಲಕ್ಕೆ ಗಟ್ಟಿಯಾಗಿ ತಾಗಿರಬೇಕು, ಪಿನ್ ಅದರ ತೂತಿನೊಳಗೆ ಇಳಿಯಬೇಕು. ಆಮೇಲೆ ಭಾರದ ಸುತ್ತಿಗೆಯಿಂದ ನೇರವಾಗಿ ಒಂದು ಏಟು. ಹತ್ತು ಸಣ್ಣ ಏಟಿಗಿಂತ ಒಂದು ಸರಿಯಾದ ಏಟು ಒಳ್ಳೆಯದು. ಸಣ್ಣ ಏಟಿಗೆ ಪಿನ್ನಿನ ತುದಿ ಅಣಬೆಯ ಹಾಗೆ ಅರಳುತ್ತದೆ, ಆಮೇಲೆ ಅದು ಹೊರಗೆ ಬರುವುದೇ ಇಲ್ಲ. ಕೆಳಗೆ ಪೈಪ್ ಇಡದೆ ಹೊಡೆದರೆ ಏಟೆಲ್ಲ ಒಳಗಿನ ಬಾಲ್ಸ್ ಮತ್ತು ಅವು ಕೂರುವ ಬಟ್ಟಲಿಗೆ, ಅಂದರೆ ಕಪ್ಪಿಗೆ, ಬೀಳುತ್ತದೆ. ತೆಗೆದ ಪಿನ್ ಮತ್ತೆ ಹಾಕಬೇಡಿ. ಅದನ್ನು ಅಂಗಡಿಗೆ ಒಯ್ದು ಅದೇ ದಪ್ಪದ್ದು ತನ್ನಿ.

ಕ್ರ್ಯಾಂಕ್ ಆಕ್ಸಲ್ಲಿನ ಕಪ್ಪು. ಎಡಗಡೆಯದ್ದು ಸಾದಾ ಎಳೆ, ಬಿಚ್ಚಿ. ಬಲಗಡೆಯದ್ದು ಉಲ್ಟಾ ಎಳೆ, ಫ್ರೇಮಿಗೆ ಬಿಗಿದು ಕೂತಿರುತ್ತದೆ. ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಬೆರಳಿಗೆ ಬಟ್ಟೆ ಸುತ್ತಿ ಒಳಗಿನಿಂದಲೇ ಒರೆಸಿ, ಟಾರ್ಚ್ ಹಿಡಿದು ನೋಡಿ. ಗುಳಿ ಬಿದ್ದಿದ್ದರೆ ಮಾತ್ರ ಬದಲಿಸಿ.

ಹ್ಯಾಂಡಲ್. ಮೇಲಿನ ಬೋಲ್ಟನ್ನು ನಾಲ್ಕೈದು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಕಟ್ಟಿಗೆ ಇಟ್ಟು ತಟ್ಟಿ. ಒಳಗಿನ ಬೆಣೆ ಕೆಳಗೆ ಬಿದ್ದರೆ ಹ್ಯಾಂಡಲ್ ಬಿಡುತ್ತದೆ. ಬೋಲ್ಟನ್ನೇ ಪೂರ್ತಿ ತೆಗೆದು ಹ್ಯಾಂಡಲ್ ಎಳೆಯುತ್ತಾ ಕೂತರೆ ಸಂಜೆಯಾಗುತ್ತದೆ.

ತೊಳೆಯುವುದು, ತುಕ್ಕು ತೆಗೆಯುವುದು

ಕಲಬುರಗಿ, ಯಾದಗಿರಿ ಕಡೆಯ ಸೈಕಲ್ಲಿಗೆ ಒಂದು ವಿಶೇಷ ರೋಗ ಇದೆ. ಎರೆ ಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಹೋದ ಸೈಕಲ್ಲಿನ ಮಡ್‌ಗಾರ್ಡ್ ಒಳಗೆ ಈ ಮಣ್ಣು ಅಂಟಿ, ಬೇಸಿಗೆಯಲ್ಲಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿರುತ್ತದೆ. ಮುಂದಿನ ಮಳೆಗೆ ನೀರು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮಡ್‌ಗಾರ್ಡ್ ಹೊರಗೆ ಚೆನ್ನಾಗಿದ್ದು ಒಳಗಿನಿಂದ ತಿಂದುಹೋಗಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ತೂತು ಬೀಳಬಹುದು. ಒದ್ದೆ ಗೋಣಿಚೀಲ ಹೊದಿಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಕಟ್ಟಿಗೆ ಚಕ್ಕೆಯಿಂದ ಎಬ್ಬಿಸಿ. ನಮ್ಮ ಸೈಕಲ್ಲಿನಿಂದ ಬಂದ ಮಣ್ಣು ಒಂದು ಸಣ್ಣ ಬುಟ್ಟಿ ಆಯಿತು. ಅಪ್ಪ ಅದನ್ನು ಎಸೆಯಲಿಲ್ಲ, ತುಳಸಿ ಕುಂಡಕ್ಕೆ ಹಾಕಿದರು. ಒಳಗೆ ತೆಳುವಾದ ಕಡೆ ತುಕ್ಕು ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ. ಒಳಗಿನದ್ದು ಯಾರಿಗೂ ಕಾಣುವುದಿಲ್ಲ, ಅಲ್ಲಿ ಎಷ್ಟು ಬೇಕಾದರೂ ಹಚ್ಚಿ.

ಬಣ್ಣದ ಭಾಗಕ್ಕೆ ಮೆತ್ತನೆಯ ಬಟ್ಟೆ, ಉಗುರುಬೆಚ್ಚಗಿನ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು ಸಾಕು. ಸರ್ವಿಸ್ ಸ್ಟೇಷನ್ನಿನ ನೀರಿನ ಪೈಪಿಗೆ ಕೊಡಬೇಡಿ. ಬಂಗಾರದ ಗೆರೆ, ಕಂಪನಿ ಅಕ್ಷರ, ಪೇಂಟರು ಬರೆದ ಹೆಸರು ಇರುವ ಕಡೆ ಥಿನ್ನರ್, ಪೆಟ್ರೋಲ್ ಸೋಕಲೇಬಾರದು. ಎರಡು ಸಲ ಒರೆಸಿದರೆ ಮೂರನೇ ಸಲಕ್ಕೆ ಅಲ್ಲಿ ಏನೂ ಇರುವುದಿಲ್ಲ. ಕಾರಿನ ಪಾಲಿಶ್ ಹಚ್ಚುವುದಾದರೆ ಮೊದಲು ಸೀಟಿನ ಕೆಳಗೆ, ಕಾಣದ ಕಡೆ ಹಚ್ಚಿ ನೋಡಿ. ಬಟ್ಟೆಗೆ ಬಣ್ಣ ಜಾಸ್ತಿ ಬಂದರೆ ಬಿಟ್ಟುಬಿಡಿ. ಕೊನೆಗೆ ವ್ಯಾಕ್ಸ್ ಒಂದು ಕೈ.

ಕ್ರೋಮ್ ಆದ ಹ್ಯಾಂಡಲ್, ಬೆಲ್ಲು, ರಿಮ್ಮುಗಳಿಗೆ ಒಂದು ಸುಲಭ ಉಪಾಯ ಇದೆ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ. ಅದಕ್ಕೇ ತುಕ್ಕು ಹೋಗುತ್ತದೆ, ಗೀರು ಬೀಳುವುದಿಲ್ಲ. ಕ್ರೋಮ್ ಪೂರ್ತಿ ಎದ್ದುಹೋದ ಕಡೆ ಕಪ್ಪು ಚುಕ್ಕೆ ಉಳಿಯುತ್ತದೆ, ಉಳಿಯಲಿ.

ಸಣ್ಣ ನಟ್ಟು, ಕ್ಲಿಪ್ಪು, ಸ್ಟ್ಯಾಂಡಿನ ತುಂಡುಗಳಿಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು. ಒಂದು ಲೀಟರಿಗೆ 50 ಗ್ರಾಂ ಹಾಕಿ ರಾತ್ರಿ ನೆನೆಸಿ. ಬೆಳಿಗ್ಗೆ ಬ್ರಷ್ ಮಾಡಿ, ಅಡುಗೆ ಸೋಡಾ ನೀರಲ್ಲಿ ಅದ್ದಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಒರೆಸಿ. ಒಣಗಿಸಲು ನಮ್ಮ ಊರಿನ ಬಿಸಿಲಿಗಿಂತ ಒಳ್ಳೆಯ ಯಂತ್ರ ಇಲ್ಲ. ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಹತ್ತು ನಿಮಿಷ ಇಟ್ಟರೆ ಬರಿಗೈಯಿಂದ ಎತ್ತಲು ಆಗುವುದಿಲ್ಲ. ಆದರೆ ಸ್ಪ್ರಿಂಗು, ಆಕ್ಸಲ್, ಬಾಲ್ಸಿಗೆ ಒತ್ತಿ ಕೂರುವ ಕೋನ್‌ಗಳನ್ನು ಈ ನೀರಿಗೆ ಹಾಕಬೇಡಿ. ಗಟ್ಟಿ ಮಾಡಿದ ಉಕ್ಕು ಆಸಿಡ್ಡಿನಲ್ಲಿ ಬಹಳ ಹೊತ್ತು ಇದ್ದರೆ ಪೆಡಸಾಗಿ ಮುರಿಯುತ್ತದೆ. ಬಚ್ಚಲು ತೊಳೆಯುವ ಆಸಿಡ್ಡಂತೂ ಬೇಡವೇ ಬೇಡ. ಅದರ ಹೊಗೆಗೇ ಪಕ್ಕದಲ್ಲಿಟ್ಟ ಪಾನಾ ಎಲ್ಲ ತುಕ್ಕು ಹಿಡಿಯುತ್ತವೆ.

ತಿರುಗುವ ಭಾಗಗಳು

ಸೈಕಲ್ ಅಂಗಡಿಯಲ್ಲಿ ಇದಕ್ಕೆ ಓರಾಯ್ಲಿಂಗ್ ಅನ್ನುತ್ತಾರೆ. ಮೂಲ ಓವರ್‌ಹಾಲಿಂಗ್ ಇರಬೇಕು. ಎಣ್ಣೆ ಹಾಕುವ ಕೆಲಸವೇ ಆದ್ದರಿಂದ ಈ ಹೆಸರೇ ಸರಿ ಅನಿಸುತ್ತದೆ.

ಇಲ್ಲಿ ಭಾವನೆ ಬೇಡ. ಬಾಲ್ಸ್ ಎಲ್ಲ ಹೊಸದು ಹಾಕಿ. ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದಿನ ಗಾಲಿಗೆ 3/16 ಇಂಚಿನವು ಒಂದೊಂದು ಕಡೆ 10, ಹಿಂದಿನ ಗಾಲಿಗೆ 1/4 ಇಂಚಿನವು ಒಂದೊಂದು ಕಡೆ 9, ಕ್ರ್ಯಾಂಕಿಗೆ 1/4 ಇಂಚಿನವು ಒಂದೊಂದು ಕಡೆ 11. ಆದರೂ ನಿಮ್ಮದನ್ನು ಎಣಿಸಿದ್ದೀರಲ್ಲ, ಅದನ್ನೇ ನಂಬಿ. ಲೆಕ್ಕ ತಪ್ಪಿದ್ದರೆ ಕಪ್ಪಿನ ತುಂಬ ಬಾಲ್ಸ್ ಜೋಡಿಸಿ ಒಂದನ್ನು ತೆಗೆಯಿರಿ. ಆಡಲು ಅಷ್ಟು ಜಾಗ ಬೇಕು. ಕೋನಿನ ಮೇಲೆ ಬಾಲ್ ಪೆನ್ನಿನ ತುದಿ ಎಳೆದು ನೋಡಿ. ತಡೆದರೆ ಗುಳಿ ಬಿದ್ದಿದೆ ಅಂತ ಅರ್ಥ, ಬದಲಿಸಿ. ಕಪ್ಪಿಗೆ ಗ್ರೀಸ್ ಹಚ್ಚಿ, ಅದರಲ್ಲಿ ಬಾಲ್ಸ್ ಒಂದೊಂದಾಗಿ ಅಂಟಿಸಿ, ಕೋನ್ ಬಿಗಿ ಮಾಡಿ.

ಎಷ್ಟು ಬಿಗಿ? ಗಾಲಿ ಅಲ್ಲಾಡಿಸಿದರೆ ಸಡಿಲು ಸಿಗಬಾರದು. ಎತ್ತಿ ಹಿಡಿದು ಬಿಟ್ಟರೆ ವಾಲ್ವಿನ ಭಾರಕ್ಕೇ ಗಾಲಿ ತಾನಾಗಿ ತಿರುಗಿ, ವಾಲ್ವು ಕೆಳಗೆ ಬಂದು ನಿಲ್ಲಬೇಕು. ಇದು ಒಂದೇ ಸಲಕ್ಕೆ ಬರುವುದಿಲ್ಲ. ಮೇಲಿನ ನಟ್ಟು ಬಿಗಿ ಮಾಡಿದಾಗ ಕೋನೂ ಸ್ವಲ್ಪ ಬಿಗಿಯಾಗುತ್ತದೆ, ಅದಕ್ಕೆ ಮೊದಲೇ ಕೂದಲಷ್ಟು ಸಡಿಲು ಬಿಟ್ಟಿರಬೇಕು.

ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲುಚಕ್ರ) ಎರಡೂ ಕಡೆ ಸುಮ್ನೆ ತಿರುಗಿದರೆ ಹೆದರಬೇಡಿ. ಒಳಗೆ ಹಲ್ಲಿಗೆ ಕಚ್ಚುವ ಎರಡು ಸಣ್ಣ ತುಂಡುಗಳಿವೆ. ಚಾಚಾ ಅವನ್ನು ಕುತ್ತೆ, ಅಂದರೆ ನಾಯಿಗಳು, ಅನ್ನುತ್ತಿದ್ದರು. ಹಳೆಯ ಗ್ರೀಸ್ ಗಟ್ಟಿಯಾಗಿ "ಕುತ್ತೆ ಮಲಗ್ಯಾವ" ಅಷ್ಟೇ. ಒಂದು ರಾತ್ರಿ ಡೀಸೆಲ್ಲಿನಲ್ಲಿ ಮುಳುಗಿಸಿ, ತಿರುಗಿಸಿ ತಿರುಗಿಸಿ ತೊಳೆದು, ತೆಳು ಎಣ್ಣೆ ಬಿಡಿ. ಇಲ್ಲಿ ಗ್ರೀಸ್ ಹಾಕಿದರೆ ಮತ್ತೆ ಮಲಗುತ್ತವೆ. ಕಟಕಟ ಸದ್ದು ಬಂದಾಗ ಮನೆಯಲ್ಲಿ ಎಲ್ಲರೂ ಹೊರಗೆ ಬಂದು ನೋಡಿದ್ದು ನನಗೆ ನೆನಪಿದೆ.

ಚೈನ್ ಸವೆದಿದೆಯಾ ಅಂತ ಒಂದು ಅಡಿ ಸ್ಕೇಲಿನಿಂದ ಗೊತ್ತಾಗುತ್ತದೆ. ಒಂದೊಂದು ಕೊಂಡಿ ಅರ್ಧ ಇಂಚು, 24 ಕೊಂಡಿ ಸೇರಿ ಸರಿಯಾಗಿ 12 ಇಂಚು ಬರಬೇಕು. ಅದಕ್ಕಿಂತ 1/8 ಇಂಚು ಉದ್ದ ಬಂದರೆ ಹೊಸ ಚೈನ್ ಹಾಕಿ.

ಟಾಯರ್ ತರುವಾಗ ಮೋಸ ಹೋಗಬೇಡಿ. ದೊಡ್ಡ ಕಪ್ಪು ಸೈಕಲ್ಲಿಗೆ ಬೇಕಾದದ್ದು 28 × 1½. ಟಾಯರಿನ ಪಕ್ಕದಲ್ಲಿ 635 ಅನ್ನುವ ಸಂಖ್ಯೆ ಇರಬೇಕು. ಈಗಿನ ಗೇರ್ ಸೈಕಲ್ಲಿನ 622 ಟಾಯರಿಗೂ ಕೆಲವರು 28 ಅನ್ನುತ್ತಾರೆ, ಅದು ಕೂರುವುದಿಲ್ಲ. ರಿಮ್ ಬದಲಿಸುವುದಾದರೆ ಗಾಲಿಯ ಕಡ್ಡಿ ಎಣಿಸಿ. ಹಳೆಯವುಗಳಲ್ಲಿ ಹೆಚ್ಚಾಗಿ ಮುಂದೆ 32, ಹಿಂದೆ 40. ಈ ಕಪ್ಪು ಸೈಕಲ್ ಇನ್ನೂ ತಯಾರಾಗುತ್ತಿರುವುದರಿಂದ ಬಿಡಿಭಾಗಕ್ಕೆ ಅಷ್ಟು ಪರದಾಡಬೇಕಿಲ್ಲ. ಊರಿನ ಹಳೇ ಸೈಕಲ್ ಅಂಗಡಿಯಲ್ಲೇ ಅರ್ಧಕ್ಕಿಂತ ಜಾಸ್ತಿ ಸಿಗುತ್ತವೆ. ಸಿಗದಿದ್ದರೆ ಸೊಲ್ಲಾಪುರ, ಹೈದರಾಬಾದ್. ಯಾವಾಗಲೂ ಹಳೆಯ ತುಂಡನ್ನು ಜೇಬಲ್ಲಿ ಇಟ್ಟುಕೊಂಡೇ ಹೋಗಿ. ಗಾಲಿಯ ಬೆಂಡ್ ತೆಗೆಯುವುದನ್ನು ಮಾತ್ರ ಮಿಸ್ತ್ರಿಗೇ ಬಿಡಿ. ನಾನು ಒಂದು ಭಾನುವಾರ ಪೂರ್ತಿ ಕೂತು, ಮೊದಲಿದ್ದದ್ದಕ್ಕಿಂತ ಜಾಸ್ತಿ ಬೆಂಡ್ ಮಾಡಿದೆ.

ಸೀಟು, ದೀಪ

ತೊಗಲಿನ ಸೀಟು ಒಣಗಿ ಬಿರುಕು ಬಿಟ್ಟಿದ್ದರೆ ಎಣ್ಣೆಯಲ್ಲಿ ಅದ್ದಬೇಡಿ, ಜೋಲು ಬೀಳುತ್ತದೆ. ತೊಗಲಿಗೆಂದೇ ಸಿಗುವ ಮೇಣವನ್ನು ತೆಳುವಾಗಿ, ಕೆಳಗಿನಿಂದಲೂ ಹಚ್ಚಿ. ಒಂದು ದಿನ ಬಿಟ್ಟು ಮತ್ತೆ ಹಚ್ಚಿ. ಮೂತಿಯ ಕೆಳಗಿನ ನಟ್ಟನ್ನು ಕಾಲು ಸುತ್ತಿಗಿಂತ ಜಾಸ್ತಿ ಎಳೆಯಬೇಡಿ, ರಿವಿಟ್ ಹತ್ತಿರ ಹರಿಯುತ್ತದೆ. ಹರಿದೇ ಹೋಗಿದ್ದರೆ ಚಪ್ಪಲಿ ಹೊಲಿಯುವವರು ಒಳಗಿನಿಂದ ತೊಗಲು ಕೊಟ್ಟು ಹೊಲಿದುಕೊಡುತ್ತಾರೆ.

ಡೈನಮೋ ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟಿನದ್ದು. ಅದರಿಂದ ದೀಪಕ್ಕೆ ಒಂದೇ ವೈರ್ ಹೋಗುತ್ತದೆ, ವಾಪಸ್ ದಾರಿ ಸೈಕಲ್ಲಿನ ಕಬ್ಬಿಣವೇ. ಹೊಸ ಬಣ್ಣ ಹಚ್ಚಿಸಿದವರ ದೀಪ ಹತ್ತದಿರುವುದು ಇದಕ್ಕೇ. ಡೈನಮೋದ ಕ್ಲಾಂಪ್ ಮತ್ತು ದೀಪದ ಬ್ರಾಕೆಟ್ ಕೂರುವ ಕಡೆ ಒಂದು ಚುಕ್ಕೆಯಷ್ಟು ಬಣ್ಣ ಕೆರೆದು ಕಬ್ಬಿಣ ತಾಗುವ ಹಾಗೆ ಮಾಡಿ.

ಬಣ್ಣದ ಬಗ್ಗೆ ನಾನು ಹೇಳುವುದು ಇಷ್ಟೇ. ಪೌಡರ್ ಕೋಟಿಂಗ್ ಅಂದರೆ ಮೊದಲು ಇದ್ದಬದ್ದ ಬಣ್ಣವನ್ನೆಲ್ಲ ಕಿತ್ತು, ಆಮೇಲೆ 180 ಡಿಗ್ರಿಯ ಆಸುಪಾಸು ಭಟ್ಟಿಯಲ್ಲಿ ಬೇಯಿಸುವುದು. ಹೋದ ಅಕ್ಷರ ವಾಪಸ್ ಬರುವುದಿಲ್ಲ. ಕಬ್ಬಿಣ ಕಾಣುವ ಕಡೆ ಮಾತ್ರ ಸಣ್ಣ ಬ್ರಷ್ಷಿನಿಂದ ಕಪ್ಪು ಎನಾಮೆಲ್ ಮುಟ್ಟಿಸಿ. ಉಳಿಸಬೇಕೆಂದ ಗುರುತಿನ ಮೇಲೆ ಬಣ್ಣದ ಬದಲು ವ್ಯಾಕ್ಸ್ ಹಚ್ಚಿ, ಎರಡು ತಿಂಗಳಿಗೊಮ್ಮೆ ಮತ್ತೆ ಹಚ್ಚಿ. ನಮ್ಮ ಡಂಡಾದ ಕೆಳಗಿನ ಸವೆದ ಜಾಗ ಈಗ ಹಾಗೇ ಇದೆ.

ಜೋಡಿಸಿ ಓಡಿಸುವುದು

ಬಿಚ್ಚಿದ್ದಕ್ಕೆ ಉಲ್ಟಾ ಜೋಡಿಸಿ, ಫೋಟೋ ನೋಡುತ್ತಾ. ಕಾಟರ್ ಪಿನ್ ಹಾಕುವಾಗ ಎರಡೂ ಪಿನ್ನುಗಳು ಒಂದಕ್ಕೊಂದು ಎದುರು ದಿಕ್ಕಿಗೆ ಇರಬೇಕು. ಇಲ್ಲವಾದರೆ ಎರಡು ಪೆಡಲ್ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ತುಳಿಯುವಾಗ ಕುಂಟಿದ ಹಾಗೆ ಆಗುತ್ತದೆ. ಪಿನ್ನನ್ನು ಸುತ್ತಿಗೆಯಿಂದ ಒಳಗೆ ಕೂರಿಸಿ, ಆಮೇಲೆ ನಟ್ಟು ಬಿಗಿ ಮಾಡಿ. ನಟ್ಟಿನಿಂದಲೇ ಎಳೆದು ಕೂರಿಸಲು ಹೋದರೆ ಎಳೆ ಹರಿಯುತ್ತದೆ. ಬ್ರೇಕಿನ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಹೊಸದು ಹಾಕಿ. ರಿಮ್ಮಿಗೂ ಅದಕ್ಕೂ ಮೂರು ಮಿಲಿಮೀಟರ್ ಬಿಡಿ.

ಮೊದಲ ಸವಾರಿ ಓಣಿಯೊಳಗೇ ಇರಲಿ, ಸೇಡಂ ರಸ್ತೆಯ ಲಾರಿಗಳ ನಡುವೆ ಬೇಡ. ಹತ್ತು ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟನ್ನೂ ಇನ್ನೊಂದು ಸಲ ಬಿಗಿ ಮಾಡಿ. ಕಾಟರನ್ನಂತೂ ಮರೆಯಲೇಬೇಡಿ. ಹೊಸ ಪಿನ್ ಕೂತುಕೊಂಡು ಸ್ವಲ್ಪ ಸಡಿಲಾಗುತ್ತದೆ, ಪ್ರತಿ ಸುತ್ತಿಗೂ ಟಕ್ ಅನ್ನುತ್ತದೆ. ಆ ಟಕ್ ಸದ್ದು ಕೇಳಿಯೂ ಓಡಿಸಿದರೆ ಆಕ್ಸಲ್ಲೇ ಸವೆದುಹೋಗುತ್ತದೆ.

ತಗಡಿನ ಶೆಡ್ಡಿನಲ್ಲಿ ನಿಲ್ಲಿಸಬೇಡಿ, ಮೇ ತಿಂಗಳಿನಲ್ಲಿ ಟಾಯರ್ ಸೀಳುತ್ತದೆ. ತಿಂಗಳಿಗೊಮ್ಮೆ ಗಾಳಿ ಹಾಕಿ, ಯಾರಾದರೂ ಒಂದು ರೌಂಡ್ ಹೊಡೆಯಿರಿ. ಎಲ್ಲ ಮುಗಿದ ಮೇಲೂ ನಿಮ್ಮ ತಂತಿಯಲ್ಲಿ ಒಂದು ವಾಷರ್ ಉಳಿದಿರುತ್ತದೆ. ನನ್ನದು ಉಳಿದಿತ್ತು. ಚಾಚಾಗೆ ಒಯ್ದು ತೋರಿಸಿದೆ. ಅವರು ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿ, "ಇದು ಸೈಕಲ್ಲಿಂದು ಅಲ್ಲರಿ, ಸ್ಟೋವಿಂದು" ಅಂದರು. ಮುತ್ಯಾ ಯಾವ ಕಾಲದಲ್ಲಿ, ಯಾವ ರಿಪೇರಿಗೆ ಆಯಿಯ ಸ್ಟೋವಿನಿಂದ ಅದನ್ನು ಬಿಚ್ಚಿದ್ದರೋ. ಎಲ್ಲಿತ್ತು ಅಂತ ಫೋಟೋದಲ್ಲಿ ಹುಡುಕಿದೆ. ಹಿಂದಿನ ಕ್ಯಾರಿಯರ್, ಎಡಗಡೆ. ಈಗ ಮತ್ತೆ ಅಲ್ಲೇ ಇದೆ.